ಚೆಲುವಯ್ಯನ ಪರವಾಗಿ ಆಡಿದ ಮಾತು

ಗುಂಡ್ಲುಪೇಟೆಯ ಕ್ರೈಸ್ತ ಸಭೆಗೆ ಪಾಲಕನಾಗಿ ಬಂದ ಮೊದಲ ತಿಂಗಳಲ್ಲೇ ಶಾಂತರಾಜು ಒಂದು ತಪ್ಪು ಮಾಡಿದ. ಅದು ತೊಂಬತ್ತನಾಲ್ಕನೇ ಇಸವಿಯ ಜೂನ್, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಭಾನುವಾರ. ಬಲಿಪೀಠದ ಮುಂದಿನ ಮರದ ಕಟಕಟೆಗೆ ಮೊಣಕಾಲೂರಿದ್ದವರ ಕೈಗೆ ಒಬ್ಬೊಬ್ಬರಾಗಿ ರೊಟ್ಟಿಯ ಚೂರು ಇಡುತ್ತಾ ಬಂದ. ಸಾಲಿನ ಕೊನೆಯಲ್ಲಿ ಒಬ್ಬ ಮುದುಕಿ, ಅವಳ ಪಕ್ಕದಲ್ಲಿ ನಲವತ್ತು ದಾಟಿದ ಗಟ್ಟಿಮುಟ್ಟಾದ ಗಂಡಸು. ಮುದುಕಿಗೆ ಕೊಟ್ಟು ಅವನ ಕಡೆಗೂ ಒಂದು ಚೂರು ಚಾಚಿದ. ಅವನು ತಲೆಯೆತ್ತಿ ನೋಡಿದ. ಹಿಂದಿನಿಂದ ಸಭಾ ಹಿರಿಯ ಮರಿಮಲ್ಲಪ್ಪ ಮೇಷ್ಟ್ರು ಕೆಮ್ಮಿದರು. ಆಮೇಲೆ ಎದ್ದು ಬಂದು ಕಿವಿಯ ಹತ್ತಿರ, "ಅವನಿಗಿಲ್ಲ ಅಯ್ನೋರೆ, ತಲೆ ಮೇಲೆ ಕೈಯಿಟ್ಟು ಕಳಿಸಿ" ಎಂದರು.

ಶಾಂತರಾಜು ರೊಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡ. ಆ ಗಂಡಸು ಎಂದಿನಂತೆ ತಲೆ ಬಗ್ಗಿಸಿದ. ಅವನ ಒರಟು ಕೂದಲಿನ ಮೇಲೆ ಕೈಯಿಟ್ಟು ಶಾಂತರಾಜು ಆಶೀರ್ವಾದದ ಮಾತನ್ನು ಅವಸರದಲ್ಲಿ ಮುಗಿಸಿದ.

ಆರಾಧನೆ ಮುಗಿದ ಮೇಲೆ ಮೇಷ್ಟ್ರು ವಿವರಿಸಿದರು. ಅವನ ಹೆಸರು ಚೆಲುವಯ್ಯ, ಭೀಮನಬೀಡಿನವನು, ಮುದುಕಿ ಅವನ ತಾಯಿ ರಾಚಮ್ಮ. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತೂ ಇಲ್ಲ. ಮಗುವಾಗಿದ್ದಾಗ ದೀಕ್ಷಾಸ್ನಾನ ಆಗಿದೆ. ಆದರೆ ದೃಢೀಕರಣ ಆಗಿಲ್ಲ. ಪ್ರಶ್ನೆಗೆ ಉತ್ತರ ಹೇಳಿ, ನಂಬಿಕೆಯ ಪ್ರಮಾಣವನ್ನು ಬಾಯಿಬಿಟ್ಟು ಒಪ್ಪಿಕೊಂಡವರಿಗಷ್ಟೆ ಬಿಷಪ್ಪರು ತಲೆ ಮೇಲೆ ಕೈಯಿಡುವುದು, ಅದಾದವರಿಗಷ್ಟೆ ಭೋಜನ.

"ನಿಮಗಿಂತ ಮುಂಚೆ ಇದ್ದ ಮೂರು ಜನ ಅಯ್ನೋರೂ ನೋಡಿದ್ರು. ಅವನ ತಮ್ಮ ಶಿವರಾಮುನೇ ಹೇಳ್ದ, ಏನೂ ತಿಳಿಯಕಿಲ್ಲ ಅಂತ. ನಂಬಿಕೆ ಬರೋದೇ ಕೇಳೋದ್ರಿಂದ ಅಂತ ಬೈಬಲ್ ವಾಕ್ಯದಲ್ಲೇ ಇಲ್ವಾ? ಅವನು ಕೇಳೋದೆಲ್ಲಿಂದ ಬಂತು?"

ಮೇಷ್ಟ್ರು ಕೆಟ್ಟವರಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಒಪ್ಪಿಸಿಕೊಂಡವರು. ಒಪ್ಪಿಸಲಾಗದ್ದನ್ನು ಕಲಿತಿದ್ದಾನೆ ಎನ್ನುವುದು ಅವರಿಗೆ ಆಗದ ಮಾತಾಗಿತ್ತು. ಶಾಂತರಾಜು ದೈವಜ್ಞಾನದ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ್ದ, ಗ್ರೀಕ್ ಅಕ್ಷರ ಕಲಿತಿದ್ದ. ಕಿವಿ ಕೇಳದವನೊಬ್ಬನ ಮುಂದೆ ಕೂತು ಮಾತಾಡುವುದನ್ನು ಅಲ್ಲಿ ಯಾರೂ ಕಲಿಸಿರಲಿಲ್ಲ.

ಶಿವರಾಮು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್. ಹೆಂಡತಿ ಮಕ್ಕಳೊಂದಿಗೆ ಅಲ್ಲಿಯ ಕ್ವಾರ್ಟರ್ಸ್‌ನಲ್ಲೇ ಇರುತ್ತಿದ್ದ. ರಜೆಯಲ್ಲಿ ಊರಿಗೆ ಬಂದ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಭೆಯಲ್ಲಿ ವಾಕ್ಯ ಓದುತ್ತಿದ್ದ, ದನಿ ಚೆನ್ನಾಗಿತ್ತು. ಜುಲೈ ತಿಂಗಳಲ್ಲಿ ಅವನು ಬಂದಾಗ ಶಾಂತರಾಜು ಅಣ್ಣ ತಮ್ಮ ಇಬ್ಬರನ್ನೂ ಕೂರಿಸಿಕೊಂಡು, "ಯೇಸು ಯಾರು ಅಂತ ನಿಮ್ಮ ಅಣ್ಣನ್ನ ಕೇಳಿ" ಎಂದ.

ಶಿವರಾಮು ಅಣ್ಣನ ಕಡೆ ತಿರುಗಿ ಎರಡು ಸಲ ಕೈಯಾಡಿಸಿದ. ಚೆಲುವಯ್ಯ ಶಾಂತರಾಜುವಿನ ಮುಖ ನೋಡಿ ಉತ್ತರ ಕೊಡತೊಡಗಿದ. ಕೈ, ಹುಬ್ಬು, ಹೆಗಲು ಎಲ್ಲ ಸೇರಿ ಮಾತಾಡಿದವು. ಒಂದು ನಿಮಿಷ, ಎರಡು ನಿಮಿಷ ಆಯಿತು.

"ಏನಂದ್ರು?"

"ಏನಿಲ್ಲ ಅಯ್ನೋರೆ. ಹೊತ್ತಾಯ್ತು, ಊಟಕ್ಕೆ ಓಗನ ಅಂತವ್ನೆ."

ಅಷ್ಟು ಉದ್ದದ ಮಾತು ಇಷ್ಟು ಗಿಡ್ಡವಾಗಲು ಹೇಗೆ ಸಾಧ್ಯ ಎಂದು ಶಾಂತರಾಜುವಿಗೆ ಅನ್ನಿಸಿತು. ಚೆಲುವಯ್ಯ ತಮ್ಮನ ತುಟಿಯನ್ನು ನೋಡುತ್ತಿದ್ದವನು ಕೈಗಳನ್ನು ತೊಡೆಯ ಮೇಲೆ ಇಳಿಸಿದ.

ಮುಂದಿನ ಬುಧವಾರದಿಂದ ಶಾಂತರಾಜು ಸೈಕಲ್ ಹತ್ತಿ ಭೀಮನಬೀಡಿಗೆ ಹೋಗತೊಡಗಿದ. ಚೆಲುವಯ್ಯ ಒಂದೂವರೆ ಎಕರೆಯಲ್ಲಿ ಅರಿಸಿನ, ಸಣ್ಣ ಈರುಳ್ಳಿ ಬೆಳೆಯುತ್ತಿದ್ದ. ಕಳೆ ಕೀಳುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಶಾಂತರಾಜುವೂ ಕಳೆ ಕಿತ್ತ. ಅರಿಸಿನದ ಎಳೆ ಸಸಿಯನ್ನೂ ಕಿತ್ತು ಬೈಸಿಕೊಂಡ. ಕೈಯಲ್ಲೂ ಬೈಯಬಹುದು ಎಂದು ಅವತ್ತು ಗೊತ್ತಾಯಿತು. ಮಿಕ್ಕದ್ದನ್ನು ಜಗಲಿಯ ಮೇಲೆ ರಾಚಮ್ಮ ಕಲಿಸಿದಳು. ಮೂಗುಬಟ್ಟಿನ ಜಾಗ ಮುಟ್ಟಿದರೆ ಅವ್ವ. ಹೆಗಲ ಪಟ್ಟಿ ಮುಟ್ಟಿದರೆ ಖಾಕಿ ತೊಡುವ ತಮ್ಮ. ಕತ್ತಿನ ಸುತ್ತ ಬೆರಳೆಳೆದರೆ ಬಿಳಿ ಪಟ್ಟಿಯ ಅಯ್ನೋರು. ಗಂಟಲ ಹತ್ತಿರ ಮೂರು ಗಂಟು ಹಾಕಿದರೆ ಮದುವೆ. ಅಂಗೈಯ ನಡುವೆ ಬೆರಳೊತ್ತಿದರೆ ಯೇಸು.

"ಇದ ಯಾರು ಕಲಿಸಿದ್ರಮ್ಮ?" ಎಂದು ಕೇಳಿದ.

"ಯಾರೂ ಇಲ್ಲ ಕನಪ್ಪ. ಚಿಕ್ಕೋನಿದ್ದಾಗ ಸಂಡೆ ಸ್ಕೂಲ್‌ನಲ್ಲಿ ಬಟ್ಟೆ ಮೇಲೆ ಯೇಸು ಕೈಗೆ ಮೊಳೆ ಹೊಡ್ದ ಪಟ ತೋರ್ಸೋರು. ಮನೆಗೆ ಬಂದು ಅಂಗೈ ಒತ್ಕೊಂಡ. ಅಂದಿನಿಂದ ಅದೇಯ."

ಅಕ್ಟೋಬರ್ ಹೊತ್ತಿಗೆ ಮಾತು ಒಂದಿಷ್ಟು ಕೂಡಿಬಂದಿತ್ತು. ಒಂದು ಸಂಜೆ ಶಾಂತರಾಜು, ಜೂನ್ ತಿಂಗಳ ಆ ಭಾನುವಾರ ರೊಟ್ಟಿ ಚಾಚಿ ಹಿಂದೆ ತೆಗೆದದ್ದನ್ನು ಕೈಯಲ್ಲಿ ತೋರಿಸಿ, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು, ತಪ್ಪಾಯಿತು ಎಂದ. ಚೆಲುವಯ್ಯ ಅವನ ಕೈ ಹಿಡಿದು ಕೆಳಗಿಳಿಸಿದ. ಆಮೇಲೆ ಹೊಲದ ಕಡೆ ತೋರಿಸಿ, ನೀನು ಕಿತ್ತ ಅರಿಸಿನ ಮಾತ್ರ ಮತ್ತೆ ಹುಟ್ಟಲಿಲ್ಲ ಎಂಬಂತೆ ಕೈಯಾಡಿಸಿದ. ಇಬ್ಬರೂ ನಕ್ಕರು.

ಜನವರಿಯಲ್ಲಿ ಬಿಷಪ್ಪರು ಬರುವುದಿತ್ತು. ಶಾಂತರಾಜು ಚೆಲುವಯ್ಯನ ಹೆಸರನ್ನು ಪಟ್ಟಿಗೆ ಸೇರಿಸಿದಾಗ ಸಭಾ ಕಮಿಟಿಯಲ್ಲಿ ಮಾತು ಬೆಳೆಯಿತು. ಕಡೆಗೆ ಮರಿಮಲ್ಲಪ್ಪ ಮೇಷ್ಟ್ರೇ ಪರೀಕ್ಷೆ ಮಾಡುವುದೆಂದಾಯಿತು. ಅವರು ಭೀಮನಬೀಡಿಗೆ ಬಂದು ಜಗಲಿಯಲ್ಲಿ ಕೂತರು, ಕೊಟ್ಟ ಮಜ್ಜಿಗೆ ಕುಡಿದರು, "ಕ್ರಿಸ್ತ ಏನು ಮಾಡ್ದ ಅಂತ ಕೇಳಿ" ಎಂದರು.

ಶಾಂತರಾಜು ಕೇಳಿದ. ಚೆಲುವಯ್ಯ ಎದ್ದು ನಿಂತು ಕೈಗಳನ್ನು ಅಗಲಿಸಿದ. ತಲೆ ವಾಲಿಸಿದ. ಕೆನ್ನೆಗೆ ಕೈಕೊಟ್ಟು ಕಣ್ಣು ಮುಚ್ಚಿದ. ಒಂದು, ಎರಡು, ಮೂರು ಬೆರಳು ಎಣಿಸಿ ಕಣ್ಣು ತೆರೆದ. ಆಮೇಲೆ ಮೇಷ್ಟ್ರ ಹತ್ತಿರ ಬಂದು ಅವರ ತೋರುಬೆರಳನ್ನು ಹಿಡಿದು ತನ್ನ ಅಂಗೈಯ ನಡುವೆ ಒತ್ತಿಕೊಂಡ. ಮೇಷ್ಟ್ರು ಬೆರಳನ್ನು ಬಿಡಿಸಿಕೊಳ್ಳಲಿಲ್ಲ.

"ಸತ್ತು ಎದ್ದ ಮೇಲೂ ಗಾಯ ಇತ್ತು ಅಂತವ್ನೆ" ಎಂದರು.

"ಇತ್ತಲ್ಲ ಮೇಷ್ಟ್ರೆ."

"ಇತ್ತು. ನಾನು ಮಕ್ಕಳಿಗೆ ಹೇಳಿಕೊಡೋವಾಗ ಅದ ಹೇಳಿದ್ದೇ ಇಲ್ಲ." ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಹೆಸರು ಇರಲಿ ಬುಡಿ."

ಬಿಷಪ್ಪರು ಬಂದ ದಿನ ಸಭೆ ತುಂಬಿತ್ತು. ದೃಢೀಕರಣಕ್ಕೆ ಹನ್ನೊಂದು ಮಂದಿ. ಹತ್ತು ಜನ ಹದಿನೈದು ಹದಿನಾರರ ಹುಡುಗ ಹುಡುಗಿಯರು, ಅವರ ನಡುವೆ ನಲವತ್ತೆರಡರ ಚೆಲುವಯ್ಯ ಹೊಸ ಬಿಳಿ ಪಂಚೆಯಲ್ಲಿ ನಿಂತಿದ್ದ. ಬಿಷಪ್ಪರು ಅವನ ತಲೆಯ ಮೇಲೆ ಕೈಯಿಟ್ಟಾಗ ರಾಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಭೋಜನ. ಚೆಲುವಯ್ಯ ಕಟಕಟೆಗೆ ಮೊಣಕಾಲೂರಿದ. ರಜೆ ಹಾಕಿ ಬಂದಿದ್ದ ಶಿವರಾಮು ಮುಂದೆ ಬಂದು ಅಣ್ಣನ ಪಕ್ಕದಲ್ಲೇ ತಾನೂ ಮೊಣಕಾಲೂರಿದ. ಬಿಷಪ್ಪರು ರೊಟ್ಟಿ ಹಿಡಿದು ಹತ್ತಿರವಾದರು. ಚೆಲುವಯ್ಯ ಒಮ್ಮೆ ತಮ್ಮನ ಕಡೆ ನೋಡಿ, ಎರಡೂ ಕೈಗಳನ್ನು ಮುಷ್ಟಿ ಮಾಡಿ ಎದೆಗೆ ಒತ್ತಿಕೊಂಡ. ಬಿಷಪ್ಪರು ಕಾದರು. ಶಿವರಾಮು ಮೊಣಕೈಯಿಂದ ತಿವಿದ. ಕಡೆಗೆ ಅಣ್ಣನ ಮುಷ್ಟಿಯ ಬೆರಳುಗಳನ್ನು ಬಿಡಿಸಲು ನೋಡಿದ, ಆಗಲಿಲ್ಲ. ಬಿಷಪ್ಪರು ಮುಂದಿನವರ ಬಳಿ ಹೋದರು.

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಮೊದಲೇ ಹೇಳಿದ್ದೆವಲ್ಲ, ಅವನಿಗೇನು ತಿಳೀತದೆ, ಎಂದು ಯಾರೋ ಅಂದದ್ದು ಶಾಂತರಾಜುವಿಗೆ ಕೇಳಿಸಿತು. ದ್ರಾಕ್ಷಾರಸದ ಪಾತ್ರೆ ಹಿಡಿದು ಅವನು ಬಿಷಪ್ಪರ ಹಿಂದೆ ನಡೆದ. ಆರು ತಿಂಗಳು ಸೈಕಲ್ ತುಳಿದದ್ದು ಇದಕ್ಕೇನಾ ಎಂದು ಒಂದು ಕ್ಷಣ ಸಿಟ್ಟು ಬಂತು.

ಊಟದ ಗಲಾಟೆ ಮುಗಿದು ಬಿಷಪ್ಪರ ಜೀಪು ಹೊರಟ ಮೇಲೆ ಚೆಲುವಯ್ಯ ತಾನಾಗಿ ಬಂದು ಶಾಂತರಾಜುವನ್ನು ಪಕ್ಕದ ಕೋಣೆಗೆ ಎಳೆದುಕೊಂಡು ಹೋದ. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದ. ಹೆಗಲ ಪಟ್ಟಿ, ಅಂದರೆ ತಮ್ಮ. ಮೂರು ಗಂಟು, ಅಂದರೆ ಮದುವೆ. ಆಮೇಲೆ ಶಾಂತರಾಜು ಹಿಂದೆಂದೂ ನೋಡಿರದ ಒಂದು ಸಂಜ್ಞೆ: ಮೇಜಿನ ಮೇಲೆ ಎರಡು ಬೆರಳು ನಡೆದವು, ಒಂದು ಬೆರಳು ಎಳೆದುಕೊಂಡು ಬಂತು. ತನ್ನ ಎದೆ ಮುಟ್ಟಿ ಹೌದು ಎಂದು ತಲೆಯಾಡಿಸಿದ. ಮತ್ತೆ ಹೆಗಲ ಪಟ್ಟಿ ಮುಟ್ಟಿ, ಬಾಯಿ ತೋರಿಸಿ, ಕೈ ಕೊಡವಿ, ಇಲ್ಲ ಎಂದ. ಎರಡು ಬೆರಳು ತಿರುಗಿ ಕುಂಟುತ್ತಾ ಮೇಜಿನ ಅಂಚಿನವರೆಗೂ ಹೋದವು. ಆಮೇಲೆ ರೊಟ್ಟಿ ಮುರಿಯುವಂತೆ ಮಾಡಿ, ಹೆಗಲ ಪಟ್ಟಿಯ ಜಾಗವನ್ನೂ ತನ್ನ ಎದೆಯನ್ನೂ ಮುಟ್ಟಿ, ಎರಡು ಮುಷ್ಟಿಗಳನ್ನು ಒಂದಕ್ಕೊಂದು ಎದುರಾಗಿ ಹಿಡಿದ.

ಶಾಂತರಾಜು ಕುರ್ಚಿಯಲ್ಲಿ ಕೂತುಬಿಟ್ಟ. ಸಹೋದರನೊಡನೆ ಮನಸ್ತಾಪ ಇಟ್ಟುಕೊಂಡು ಬಲಿಪೀಠಕ್ಕೆ ಬರಬಾರದು, ಮೊದಲು ಹೋಗಿ ಅದನ್ನು ತೀರಿಸಿಕೊಂಡು ಬಾ ಎಂಬ ಬೋಧನೆಯ ಮೇಲೆ ಅವನು ಎಷ್ಟೋ ಪ್ರಸಂಗ ಮಾಡಿದ್ದ, ಭೀಮನಬೀಡಿನ ಜಗಲಿಯಲ್ಲಿ ಕೈಯಾಡಿಸಿಯೂ ಹೇಳಿದ್ದ. ಹಾಗೆ ಕೈ ಮುಚ್ಚಿಕೊಂಡವರನ್ನು ಒಬ್ಬರನ್ನೂ ಕಂಡಿರಲಿಲ್ಲ.

ಪೂರ್ತಿ ಸಂಗತಿ ಹೇಳಿದವಳು ರಾಚಮ್ಮ. ಹದಿನೇಳು ವರ್ಷದ ಹಿಂದೆ ಚಾಮರಾಜನಗರದಿಂದ ಒಂದು ಸಂಬಂಧ ಬಂದಿತ್ತು. ಹುಡುಗಿಯ ಹೆಸರು ಕುಮಾರಿ. ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಒಂದು ಕಾಲು ಸೊರಗಿತ್ತು. ಅಪ್ಪ ಅವಳನ್ನೂ ಜೊತೆಗೇ ಕರೆತಂದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿ, ಹುಡುಗನಿಂದಲೇ ತಿಳಿಯಬೇಕು ಎಂದಿದ್ದ. ಶಿವರಾಮು ಕೇಳಿದ. ಚೆಲುವಯ್ಯ ಹೌದು ಎಂದ. ಶಿವರಾಮು ಅವರ ಕಡೆ ತಿರುಗಿ, ಕುಂಟಿ ನನಗೆ ಬೇಡ ಅಂತವ್ನೆ ಎಂದುಬಿಟ್ಟ.

"ನಾನು ಅಲ್ಲೇ ನಿಂತಿದ್ದೆ ಅಯ್ನೋರೆ. ಅವನ ಕೈ ನಂಗೂ ತಿಳೀತು. ಬಾಯಿ ಮುಚ್ಕೊಂಡೆ." ರಾಚಮ್ಮ ನೆಲ ನೋಡುತ್ತಾ ಹೇಳಿದಳು. "ಅವರು ಎದ್ದೋದ ಮೇಲೆ ಇವ ಮೂರು ದಿನ ಉಣ್ಣಲಿಲ್ಲ."

ಬಂಡೀಪುರದ ಚೆಕ್‌ಪೋಸ್ಟ್‌ನಲ್ಲಿ ಶಿವರಾಮು ಊಟಿ ಕಡೆಯ ಲಾರಿಯೊಂದನ್ನು ಬಿಟ್ಟು ಗೇಟು ಇಳಿಸುತ್ತಿದ್ದಾಗ ಶಾಂತರಾಜು ಬಸ್ಸಿಂದ ಇಳಿದ. ಅವನನ್ನು ನೋಡಿದೊಡನೆ ಯಾಕೆ ಬಂದಿದ್ದಾನೆಂದು ಶಿವರಾಮುವಿಗೆ ಗೊತ್ತಾಯಿತು. ಇಬ್ಬರೂ ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತರು.

"ನಂಗಾಗ ಇಪ್ಪತ್ಮೂರು ವರ್ಷ. ಆಗಿನ್ನೂ ಈ ಕೆಲ್ಸ ಸಿಕ್ಕಿ ಎರಡು ತಿಂಗ್ಳು. ನಾನು ಕಾಡು ಸೇರ್ಕೊಂಡ್ರೆ ಅವ್ವನ್ನ ನೋಡೋರ್ಯಾರು, ಹೊಲ ಗೇಯೋರ್ಯಾರು? ಅವ ಬೇರೆ ಸಂಸಾರ ಹೂಡ್ಬುಟ್ರೆ ನಾನೇ ಊರಲ್ಲಿ ನಿಲ್ಲಬೇಕಾಯ್ತದೆ ಅನ್ನಿಸ್ತು. ಒಂದು ಮಾತು ಅಷ್ಟೆ ಅಯ್ನೋರೆ. ಹಂಗೇ ಬಂದ್ಬುಡ್ತು ಬಾಯಿಗೆ."

"ಆಮೇಲೆ ಪಾಲಕರು ಬಂದು ಕೇಳಿದಾಗೆಲ್ಲ?"

ಶಿವರಾಮು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅವನು ಅವತ್ತು ತಾನು ಹೂ ಅಂದದ್ದ ಹೇಳ್ಬುಟ್ಟಾನು ಅಂತ ಭಯ. ಅದ್ಕೆ ಏನೂ ತಿಳಿಯಕಿಲ್ಲ ಅಂದೆ. ನಾನೇನಂದೆ ಅಂತ ಮಾತ್ರ ಅವನಿಗೆ ಗೊತ್ತೇ ಇಲ್ಲ ಅಂದ್ಕಂಡಿದ್ದೆ. ಕಿವಿ ಕೇಳಕಿಲ್ವಲ್ಲ."

"ಆ ಹುಡುಗಿ ಮುಖ ಅವರಿಗೆ ಕಂಡಿರುತ್ತಲ್ಲ ಶಿವರಾಮಣ್ಣ."

ಇನ್ನೊಂದು ಲಾರಿ ಬಂದು ಹಾರನ್ ಹೊಡೆಯಿತು. ಶಿವರಾಮು ಎದ್ದು ಹೋಗಿ ಗೇಟು ಎತ್ತಿ, ಅಲ್ಲೇ ನಿಂತುಕೊಂಡ.

ಅವನು ಭೀಮನಬೀಡಿಗೆ ಬಂದದ್ದು ಮೂರು ವಾರದ ಮೇಲೆ. ಹಿತ್ತಲಲ್ಲಿ ಈರುಳ್ಳಿ ಹರವಿಕೊಂಡು ಕೂತಿದ್ದ ಅಣ್ಣನ ಎದುರು ಕೂತು, ಬಾಯಿ ತೆರೆಯದೆ ಕೈಯಲ್ಲೇ ಎಲ್ಲ ಒಪ್ಪಿಕೊಂಡ. ಶಾಂತರಾಜು ರಾಚಮ್ಮನ ಜೊತೆ ಬಾಗಿಲಲ್ಲಿ ನಿಂತಿದ್ದ. ಶಿವರಾಮು ಅಣ್ಣನ ಕಾಲು ಮುಟ್ಟಲು ಬಗ್ಗಿದಾಗ ಚೆಲುವಯ್ಯ ಕಾಲು ಹಿಂದಕ್ಕೆ ತೆಗೆದುಕೊಂಡ. ಅಪ್ಪಿಕೊಳ್ಳಲಿಲ್ಲ, ಅಳಲೂ ಇಲ್ಲ. ಎರಡು ಬೆರಳನ್ನು ನೆಲದ ಮೇಲೆ ಕುಂಟಿಸಿದ. ಬಸ್ಸು ಹೋಗುವ ದಾರಿಯ ಕಡೆ ಕೈ ತೋರಿದ. ತಮ್ಮನ ಬಾಯಿಯ ಮೇಲೆ ಬೆರಳಿಟ್ಟ. ನನಗಲ್ಲ, ಅವಳಿಗೆ ಹೋಗಿ ಹೇಳು.

ಕುಮಾರಿ ಈಗ ಎಲ್ಲಿದ್ದಾಳೆಂದು ಪತ್ತೆ ಮಾಡುವುದು ಕಷ್ಟವಾಗಲಿಲ್ಲ. ಚಾಮರಾಜನಗರದ ಪಾಲಕರಿಗೆ ಗೊತ್ತಿತ್ತು. ಒಂದು ಶನಿವಾರ ಅಣ್ಣ, ತಮ್ಮ, ಶಾಂತರಾಜು ಮೂವರೂ ಬಸ್ಸು ಹತ್ತಿದರು. ತೆರಕಣಾಂಬಿಯಲ್ಲಿ ಜನ ಇಳಿದು ಸೀಟು ಖಾಲಿಯಾದರೂ ಶಿವರಾಮು ಕೂರದೆ ಕಂಬಿ ಹಿಡಿದು ನಿಂತೇ ಇದ್ದ.

ಅವಳಿಗೆ ಮದುವೆಯಾಗಿರಲಿಲ್ಲ. ಅಪ್ಪ ತೀರಿಕೊಂಡು ಅಣ್ಣ ಅತ್ತಿಗೆಯ ಮನೆಯಲ್ಲಿದ್ದಳು. ರೇಷ್ಮೆ ಫ್ಯಾಕ್ಟರಿಯಲ್ಲಿ ನೂಲು ಬಿಚ್ಚುವ ಕೆಲಸ. ಬಿಸಿನೀರಲ್ಲಿ ನೆಂದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಬಾಗಿಲಲ್ಲಿ ಚೆಲುವಯ್ಯನನ್ನು ಕಂಡವಳು ಗುರುತು ಹಿಡಿದಳು, ಒಳಗೆ ಕರೆಯಲಿಲ್ಲ.

ಶಿವರಾಮು ಹೊಸ್ತಿಲ ಹೊರಗೇ ನಿಂತು ಹೇಳಿದ. ವಾಕ್ಯ ಓದುವಾಗಿನ ಆ ದನಿ ಇರಲಿಲ್ಲ. "ಅವತ್ತು ನಮ್ಮಣ್ಣ ಹೂ ಅಂದಿದ್ದ ಕನಮ್ಮ. ಬೇಡ ಅಂದದ್ದು ನಾನು. ಕುಂಟಿ ಅಂದದ್ದೂ ನಾನೇ."

ಕುಮಾರಿ ಗೋಡೆಗೆ ಕೈಕೊಟ್ಟು ನಿಂತಳು. "ಮೂಗನೂ ಬೇಡ ಅಂದ ಅಂತ ಬೀದೀಲೆಲ್ಲ ಆಡ್ಕೊಂಡ್ರು. ಆಮೇಲೆ ನಮ್ಮಪ್ಪ ಇನ್ನೊಂದು ಗಂಡು ಹುಡುಕಲಿಲ್ಲ. ನಮ್ಮತ್ತಿಗೆ ಸಿಟ್ಟು ಬಂದಾಗ ಈಗ್ಲೂ ಅದ್ನೇ ಎತ್ತಿ ಆಡ್ತಾಳೆ." ಅಡುಗೆಮನೆಯ ಕಡೆ ನೋಡಿ, "ನೀವು ಈಗ ನಂಗೆ ಹೇಳಿದ್ರಲ್ಲ, ಇದ ಅವಳ ಮುಂದೆ ಹೇಳಿ. ಕೊಳಾಯಿ ಹತ್ರ ಹೆಂಗಸ್ರು ಅವ್ರೆ, ಅಲ್ಲೂ ಹೇಳಿ" ಎಂದಳು.

ಶಿವರಾಮು ಶಾಂತರಾಜುವಿನ ಮುಖ ನೋಡಿದ. ಶಾಂತರಾಜು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಶಿವರಾಮು ಅಡುಗೆಮನೆಯ ಬಾಗಿಲಿಗೆ ಹೋಗಿ ಅತ್ತಿಗೆಯ ಮುಂದೆ ಹೇಳಿದ. ಆಮೇಲೆ ಬೀದಿಗಿಳಿದು, ಬಿಂದಿಗೆ ಹಿಡಿದು ನಿಂತ ನಾಲ್ಕಾರು ಹೆಂಗಸರ ಮುಂದೆ, ತನ್ನ ಹೆಸರು, ತನ್ನ ಊರು, ತಾನು ಆಡಿದ ಸುಳ್ಳು, ಮೂರನ್ನೂ ಹೇಳಿದ. ಒಬ್ಬಳು ಕೊಳಾಯಿ ನಿಲ್ಲಿಸಿದಳು. ಯಾರೂ ನಗಲಿಲ್ಲ.

ಅವನು ತಿರುಗಿ ಬರುವಷ್ಟರಲ್ಲಿ ಕುಮಾರಿ ಚೆಲುವಯ್ಯನಿಗೆ ಮಣೆ ಹಾಕಿದ್ದಳು. ಅವಳು ಏನೋ ಹೇಳಬೇಕೆಂದು ತಡವರಿಸುತ್ತಿರುವುದನ್ನು ಕಂಡು ಶಾಂತರಾಜು, "ನಾನು ಅವರಿಗೆ ತಿಳಿಸಲಾ?" ಎಂದು ಕೇಳಿದ.

"ಬೇಡಿ ಅಯ್ನೋರೆ. ಇನ್ನೊಬ್ರ ಬಾಯಿಂದ ಒಂದು ಸಲ ಆದದ್ದು ಸಾಕು."

ಶಾಂತರಾಜು ಶಿವರಾಮುವನ್ನೂ ಕರೆದುಕೊಂಡು ಹೊರಗೆ ಬಂದು ಜಗಲಿಯಲ್ಲಿ ಬೀದಿಯ ಕಡೆ ಮುಖ ಮಾಡಿ ಕೂತ. ಒಳಗೆ ಅರ್ಧ ಗಂಟೆ ಯಾವ ಸದ್ದೂ ಇರಲಿಲ್ಲ, ಲೋಟ ಕೆಳಗಿಟ್ಟ ಸದ್ದೊಂದನ್ನು ಬಿಟ್ಟರೆ. ಅವರಿಬ್ಬರೂ ಏನು ಮಾತಾಡಿಕೊಂಡರೆಂದು ಅವನು ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಹೊರಟಾಗ ಕುಮಾರಿ ಬೀದಿಯ ತಿರುವಿನವರೆಗೂ ಬಂದು ನಿಂತಳು.

ಆಮೇಲೆ ಅವರಿಗೆ ಮದುವೆಯಾಯಿತೇ ಎಂದು ಕೇಳುವವರಿದ್ದಾರೆ. ಆಗಲಿಲ್ಲ. ತನ್ನ ಕೆಲಸ, ತನ್ನ ಸಂಬಳ, ತನ್ನ ಊರು ಬಿಟ್ಟು ಈಗೆಲ್ಲಿಗೆ ಹೋಗಲಿ ಎಂದು ಅವಳು ಅಲ್ಲಿಯ ಪಾಲಕರಿಗೆ ಹೇಳಿದಳಂತೆ. ವರ್ಷಕ್ಕೊಮ್ಮೆ ಸುಗ್ಗಿ ಹಬ್ಬದ ಆರಾಧನೆಗೆ ಗುಂಡ್ಲುಪೇಟೆಗೆ ಬರುತ್ತಿದ್ದಳು, ರಾಚಮ್ಮನ ಪಕ್ಕ ಕೂರುತ್ತಿದ್ದಳು.

ಚಾಮರಾಜನಗರಕ್ಕೆ ಹೋಗಿಬಂದ ಮೇಲೆ, ಮಾರ್ಚ್ ತಿಂಗಳ ಮೊದಲ ಭಾನುವಾರ ಕರ್ತನ ಭೋಜನವಿತ್ತು. ಶಿವರಾಮು ಬಂದಿದ್ದ, ಆದರೆ ವಾಕ್ಯ ಓದಲು ಒಪ್ಪಲಿಲ್ಲ. ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕೂತಿದ್ದ. "ನಂಗೆ ಇನ್ನೂ ಒಸಿ ದಿನ ಬೇಕು ಅಯ್ನೋರೆ" ಎಂದಿದ್ದ. ಜನ ಸಾಲಾಗಿ ಎದ್ದು ಮುಂದೆ ಬಂದರು. ಚೆಲುವಯ್ಯನೂ ತಾಯಿಯ ಕೈ ಹಿಡಿದು ಬಂದು ಅವಳನ್ನು ಕಟಕಟೆಯ ಬಳಿ ಕೂರಿಸಿದ. ತಾನು ಮೊಣಕಾಲೂರದೆ, ತಿರುಗಿ, ಬೆಂಚುಗಳ ನಡುವಿನ ದಾರಿಯಲ್ಲಿ ಹಿಂದಕ್ಕೆ ನಡೆದ. ಕೊನೆಯ ಬೆಂಚಿನ ಬಳಿ ನಿಂತು ತಮ್ಮನ ಹೆಗಲು ಮುಟ್ಟಿದ. ಶಿವರಾಮು ತಲೆ ಅಲ್ಲಾಡಿಸಿದ. ಚೆಲುವಯ್ಯ ಅವನ ಪಕ್ಕದಲ್ಲಿ ಕೂತುಬಿಟ್ಟ.

ಹಾಡು ಮುಗಿಯಿತು. ಹಾರ್ಮೋನಿಯಂ ನುಡಿಸುತ್ತಿದ್ದವನು ಏನು ಮಾಡಲಿ ಎಂಬಂತೆ ನೋಡಿದ. ಮರಿಮಲ್ಲಪ್ಪ ಮೇಷ್ಟ್ರು ಮೆಲ್ಲಗೆ, "ಇನ್ನೊಂದು ಸಲ ಮೊದಲಿಂದ ನುಡಿಸಪ್ಪ" ಎಂದರು. ಶಾಂತರಾಜು ರೊಟ್ಟಿಯ ತಟ್ಟೆ ಹಿಡಿದು ನಿಂತಲ್ಲೇ ನಿಂತ. ಎರಡನೆಯ ಚರಣದ ಹೊತ್ತಿಗೆ ಅಣ್ಣ ತಮ್ಮ ಇಬ್ಬರೂ ಎದ್ದು ಬರುವುದು ಕಂಡಿತು.